ತಿಪ್ಪೆಯ ಕಿಣ್ವ, ದಿಂಡಿನ ಇಥೆನಾಲ್: ಶಾಖ ತಾಳುವ ಸೆಲ್ಯುಲೇಸ್ ಹುಡುಕುವವರಿಗೆ ಹಂತ ಹಂತದ ಮಾರ್ಗದರ್ಶಿ

ಪದವಿ, ಎಂ.ಎಸ್ಸಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಧಾರವಾಡ, ಗದಗ, ಹಾವೇರಿ ಕಡೆಯಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸರ್, ಗೋವಿನಜೋಳದ ದಿಂಡಿನಿಂದ ಇಥೆನಾಲ್ ಮಾಡೂ ಕಿಣ್ವ ನಮ್ಮ ಕಡೆನ ಸಿಗತದೇನ್ರಿ? ಹೆಂಗ ಹುಡಕೂದ್ರಿ?” ಅದರ ಬೆನ್ನಿಗೇ ರೈತರ ಪ್ರಶ್ನೆ: “ಹತ್ತಿಕಟ್ಟಿಗಿ ಸುಡೂದರ ಬದಲಿ ಹೊಲದಾಗ ಇಂಧನ ಮಾಡಾಕ ಬರತದೇನ್ರಿ?”

ರೈತರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬರುವುದಿಲ್ಲ. ಮದ್ಯಸಾರ ಬಟ್ಟಿ ಇಳಿಸಲು ಅಬಕಾರಿ ಇಲಾಖೆಯ ಪರವಾನಗಿ ಬೇಕು. ಮೇಲಾಗಿ ಇದು ದೊಡ್ಡ ಕಾರ್ಖಾನೆಯ ಕೆಲಸ. 2022ರ ಆಗಸ್ಟ್‌ನಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್ ಘಟಕಕ್ಕೆ 900 ಕೋಟಿಗೂ ಹೆಚ್ಚು ರೂಪಾಯಿ ಖರ್ಚಾಗಿದೆ. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಇಥೆನಾಲ್ ತೆಗೆಯುವುದು ಅದರ ಗುರಿ. ಲೆಕ್ಕ ಹಾಕಿದರೆ ಟನ್ನಿಗೆ 150 ಲೀಟರ್. ನಿಮ್ಮ ಹತ್ತಿಕಟ್ಟಿಗೆಯನ್ನು ಪುಡಿ ಮಾಡಿ ಗೊಬ್ಬರಕ್ಕೆ ಹಾಕಿ. ಸುಮ್ಮನೆ ಬದುವಿಗೆ ಒಟ್ಟಿಟ್ಟರೆ ಗುಲಾಬಿ ಕಾಯಿಕೊರಕ ಮುಂದಿನ ಹಂಗಾಮಿಗೂ ಉಳಿದುಕೊಳ್ಳುತ್ತದೆ.

ವಿದ್ಯಾರ್ಥಿಗಳಿಗೆ ಉತ್ತರ: ಸಿಗುತ್ತದೆ, ನಿಮ್ಮೂರಿನ ತಿಪ್ಪೆಯಲ್ಲೇ ಸಿಗುತ್ತದೆ. ಆದರೆ ಕಿಣ್ವ ಸಿಕ್ಕಿತು ಎಂದು ಬರೆದುಕೊಂಡು ಬರುವ ಹತ್ತು ಪ್ರಾಜೆಕ್ಟ್ ವರದಿಗಳನ್ನು ತೆರೆದು ನೋಡಿದರೆ ಹೆಚ್ಚಿನವುಗಳಲ್ಲಿ ಒಂದು ಮುಖ್ಯ ಅಳತೆಯೇ ಇರುವುದಿಲ್ಲ. ಕಿಣ್ವ ಯಾವ ಬಿಸಿಯಲ್ಲಿ ಜೋರಾಗಿ ಕೆಲಸ ಮಾಡುತ್ತದೆ ಎಂಬುದು ಬೇರೆ, ಆ ಬಿಸಿಯಲ್ಲಿ ಎಷ್ಟು ತಾಸು ಬಾಳುತ್ತದೆ ಎಂಬುದು ಬೇರೆ. ಮೊದಲನೆಯದನ್ನು ಅಳೆದು ಎರಡನೆಯದನ್ನು ಅಳೆದೆವು ಎಂದುಕೊಳ್ಳುತ್ತಾರೆ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು.

ಮೊದಲು ಗೊತ್ತಿರಬೇಕಾದ್ದು

ಸಸ್ಯದ ಒಣ ಭಾಗದಲ್ಲಿ ಮೂರು ಮುಖ್ಯ ಪದಾರ್ಥಗಳಿವೆ. ಸೆಲ್ಯುಲೋಸ್ ಎಂದರೆ ಗ್ಲುಕೋಸ್ ಸಕ್ಕರೆಯ ಉದ್ದನೆಯ ಸರಪಳಿ. ಹೆಮಿಸೆಲ್ಯುಲೋಸ್‌ನಲ್ಲಿ ಝೈಲೋಸ್ ಎಂಬ ಐದು ಇಂಗಾಲದ ಸಕ್ಕರೆಯೇ ಹೆಚ್ಚು. ಲಿಗ್ನಿನ್ ಸಕ್ಕರೆಯಲ್ಲ, ಅದು ಇವೆರಡನ್ನೂ ಗೋಡೆಯ ಗಾರೆಯಂತೆ ಬಿಗಿದು ಹಿಡಿದಿರುತ್ತದೆ.

ಸೆಲ್ಯುಲೋಸನ್ನು ಕಡಿಯುವ ಕಿಣ್ವಗಳ ಗುಂಪಿಗೆ ಸೆಲ್ಯುಲೇಸ್ ಎನ್ನುತ್ತಾರೆ. ಎಂಡೋಗ್ಲುಕನೇಸ್ ಸರಪಳಿಯನ್ನು ನಡುನಡುವೆ ಕತ್ತರಿಸುತ್ತದೆ. ಎಕ್ಸೋಗ್ಲುಕನೇಸ್ ತುದಿಯಿಂದ ಎರಡೆರಡು ಸಕ್ಕರೆಯ ಜೋಡಿ ಬಿಡಿಸುತ್ತದೆ, ಆ ಜೋಡಿಗೆ ಸೆಲೋಬಯೋಸ್ ಎಂದು ಹೆಸರು. ಬೀಟಾ-ಗ್ಲುಕೋಸಿಡೇಸ್ ಆ ಜೋಡಿಯನ್ನು ಒಡೆದು ಗ್ಲುಕೋಸ್ ಮಾಡುತ್ತದೆ. ಮೂರೂ ಬೇಕು. ಕೊನೆಯದು ಕಡಿಮೆ ಬಿದ್ದರೆ ಸೆಲೋಬಯೋಸ್ ಜಮೆಯಾಗಿ ಮೊದಲಿನ ಎರಡರ ಕೆಲಸವನ್ನೂ ತಡೆಯುತ್ತದೆ.

ಮಾರುಕಟ್ಟೆಯ ಹೆಚ್ಚಿನ ಸೆಲ್ಯುಲೇಸ್ ಬರುವುದು ಟ್ರೈಕೋಡರ್ಮಾ ರೀಸಿ ಎಂಬ ಶಿಲೀಂಧ್ರದಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕನ್ ಸೈನ್ಯದ ಹತ್ತಿಬಟ್ಟೆಯ ಸಾಮಾನುಗಳನ್ನು ತಿಂದು ಹಾಕಿದ್ದು ಇದೇ. ಇದರ ಕಿಣ್ವ 50 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಚೆನ್ನಾಗಿ ದುಡಿಯುತ್ತದೆ, 60 ದಾಟಿದರೆ ಬೇಗ ಸೋಲುತ್ತದೆ.

ಬಿಸಿ ಹೆಚ್ಚಿದ್ದರೆ ಲಾಭವೇನು? ಕ್ರಿಯೆ ಚುರುಕಾಗುತ್ತದೆ. ದಪ್ಪ ಗಂಜಿಯಂಥ ದ್ರವ ತೆಳುವಾಗಿ ಕಲಕಲು ಸುಲಭವಾಗುತ್ತದೆ. ಬೇಡದ ಸೂಕ್ಷ್ಮಾಣುಗಳು ಬೆಳೆಯುವುದು ಕಡಿಮೆ. ಬೇಯಿಸಿದ ಪದಾರ್ಥವನ್ನು ಪೂರ್ತಿ ಆರಿಸುವ ತನಕ ಕಾಯಬೇಕಿಲ್ಲ. ಕಾಳಿನಿಂದ ಇಥೆನಾಲ್ ತೆಗೆಯುವ ಕಾರ್ಖಾನೆಗಳಿಗೆ ಇದು ಹೊಸದೇನಲ್ಲ. ಗೋವಿನಜೋಳದ ಪಿಷ್ಟವನ್ನು ಕರಗಿಸಲು ಅವರು ಬಳಸುವ ಶಾಖ ತಾಳುವ ಅಮೈಲೇಸ್ 90 ಡಿಗ್ರಿ ಆಸುಪಾಸಿನಲ್ಲೂ ಕೆಲಸ ಮಾಡುತ್ತದೆ. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾ ಅದರ ಹೆಸರಾಂತ ಮೂಲ. ಕಾಳಿಗೆ ಸಿಕ್ಕ ಈ ಅನುಕೂಲ ದಿಂಡಿಗೂ ಸಿಗಬೇಕು ಎಂಬುದೇ ನಿಮ್ಮ ಪ್ರಾಜೆಕ್ಟಿನ ಗುರಿ.

ಪುಸ್ತಕದಲ್ಲಿ ಥರ್ಮೋಟೋಗಾ ಮ್ಯಾರಿಟಿಮಾ 80 ಡಿಗ್ರಿಯಲ್ಲಿ, ಪೈರೋಕಾಕಸ್ ಫ್ಯೂರಿಯೋಸಸ್ 100 ಡಿಗ್ರಿಯಲ್ಲಿ ಬೆಳೆಯುತ್ತದೆ ಎಂದು ಓದಿ ಅದರ ಬೆನ್ನು ಹತ್ತಬೇಡಿ. ಅವು ಆಮ್ಲಜನಕ ಇರುವಲ್ಲಿ ಬೆಳೆಯುವುದಿಲ್ಲ, ಅವಕ್ಕೆ ಬೇಕಾದ ಸಲಕರಣೆ ಸಾಮಾನ್ಯ ಕಾಲೇಜಿನಲ್ಲಿ ಇರುವುದಿಲ್ಲ. ಗಾಳಿಯಲ್ಲೇ ಬೆಳೆಯುವ ಬ್ಯಾಸಿಲಸ್, ಜಿಯೋಬ್ಯಾಸಿಲಸ್, ಥರ್ಮೋಬಿಫಿಡಾ ಜಾತಿಯವು 50ರಿಂದ 65 ಡಿಗ್ರಿಯಲ್ಲಿ ಸಿಕ್ಕರೆ ನಿಮಗೆ ಅಷ್ಟು ಸಾಕು.

ಬೇಕಾಗುವ ಸಲಕರಣೆ

60 ಡಿಗ್ರಿ ತನಕ ಹೋಗುವ ಇನ್‌ಕ್ಯುಬೇಟರ್, ಸಾಧ್ಯವಾದರೆ ಅಲುಗಾಡಿಸುವ ಶೇಕರ್, ಒತ್ತಡದ ಆವಿಯಲ್ಲಿ ಬೇಯಿಸುವ ಆಟೋಕ್ಲೇವ್, ನೀರನ್ನು ಒಂದೇ ಬಿಸಿಯಲ್ಲಿ ಹಿಡಿದಿಡುವ ವಾಟರ್ ಬಾತ್, ಜೋರಾಗಿ ತಿರುಗಿಸಿ ಗಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್, ಬಣ್ಣದ ಗಾಢತೆ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್, ಆಮ್ಲ-ಕ್ಷಾರದ ಮಟ್ಟ ಅಳೆಯುವ ಪಿಎಚ್ ಮೀಟರ್, ನಿಖರವಾದ ತಕ್ಕಡಿ. ಇವಿಷ್ಟು ಇಲ್ಲದಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಸಂಬಂಧಪಟ್ಟ ವಿಭಾಗಕ್ಕೆ ನಿಮ್ಮ ಗೈಡ್ ಮೂಲಕ ಪತ್ರ ಬರೆಸಿ ಕೇಳಿ. ಪರೀಕ್ಷೆ ಮುಗಿದ ರಜೆಯ ದಿನಗಳಲ್ಲಿ ಉಪಕರಣ ಬಿಡುವಾಗಿರುವ ಸಂಭವ ಹೆಚ್ಚು.

ಹಂತ 1: ದಿಂಡು ಸಿದ್ಧ ಮಾಡುವುದು

ಯಾವ ಪದಾರ್ಥ ಆರಿಸಬೇಕು? ಜೋಳದ ಕಣಿಕೆ ಬೇಡ. ಅದು ದನದ ಮೇವು, ಬೇಸಿಗೆಯಲ್ಲಿ ಒಂದು ಹೊರೆಗೂ ಬೆಲೆ ಇದೆ. ಅದನ್ನು ಇಂಧನಕ್ಕೆ ತಿರುಗಿಸುವ ಯೋಚನೆ ಈ ಭಾಗದಲ್ಲಿ ನಿಲ್ಲುವುದಿಲ್ಲ. ಹತ್ತಿಕಟ್ಟಿಗೆ ಯಥೇಚ್ಛ ಸಿಗುತ್ತದೆ, ಆದರೆ ಅದರಲ್ಲಿ ಲಿಗ್ನಿನ್ ಕಾಲು ಭಾಗದಷ್ಟಿದ್ದು ಕಿಣ್ವಕ್ಕೆ ಬಗ್ಗುವುದು ಕಷ್ಟ. ಗೋವಿನಜೋಳದ ತೆನೆಯಿಂದ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡೇ ಶುರುವಿಗೆ ಒಳ್ಳೆಯದು. ಅದರಲ್ಲಿ ಲಿಗ್ನಿನ್ ಶೇ 15ರ ಸುಮಾರು, ಸೆಲ್ಯುಲೋಸ್ ಶೇ 35ರಿಂದ 40. ಹಾವೇರಿ ಜಿಲ್ಲೆಯಲ್ಲಿ ಒಕ್ಕಣೆ ಮುಗಿದ ಕಣಗಳ ಪಕ್ಕ ಇದರ ರಾಶಿಯೇ ಇರುತ್ತದೆ.

ದಿಂಡನ್ನು ತೊಳೆದು, 60 ಡಿಗ್ರಿಯಲ್ಲಿ ಒಣಗಿಸಿ, ಬೀಸಿ, 1 ಮಿ.ಮೀ ಜರಡಿ ಹಿಡಿಯಿರಿ. ಪುಡಿಗೆ ಒಂದು ಗ್ರಾಂಗೆ 10 ಮಿ.ಲೀ ಲೆಕ್ಕದಲ್ಲಿ ಶೇ 2ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಸೇರಿಸಿ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಅರ್ಧ ತಾಸು ಇಡಿ. ಲಿಗ್ನಿನ್ ಬಹುಪಾಲು ಕರಗಿ ನೀರು ಕಡುಕಂದಾಗುತ್ತದೆ. ಬಟ್ಟೆಯಲ್ಲಿ ಸೋಸಿ, ನೀರು ತಿಳಿಯಾಗಿ ಪಿಎಚ್ 7ಕ್ಕೆ ಬರುವ ತನಕ ತೊಳೆದು ಒಣಗಿಸಿ.

ಇಲ್ಲಿ ಜಾಗ್ರತೆ. ಅಲ್ಯೂಮಿನಿಯಂ ಪಾತ್ರೆ, ಅಲ್ಯೂಮಿನಿಯಂ ಕುಕ್ಕರ್ ಎರಡೂ ಬೇಡವೇ ಬೇಡ. ಸೋಡಿಯಂ ಹೈಡ್ರಾಕ್ಸೈಡ್ ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಬಿಸಿ ತಾಳುವ ಗಾಜಿನ ಬಾಟಲಿ ಬಳಸಿ, ಮುಚ್ಚಳ ಸಡಿಲ ಇರಲಿ, ಕನ್ನಡಕ ಮತ್ತು ಕೈಗವಸು ತಪ್ಪದೆ ಹಾಕಿ. ಕಂದು ನೀರನ್ನು ಆಮ್ಲದಿಂದ ತಟಸ್ಥ ಮಾಡದೆ ಚರಂಡಿಗೆ ಬಿಡಬೇಡಿ.

ಹಂತ 2: ತಿಪ್ಪೆಯಿಂದ ಮಾದರಿ ತರುವುದು

ಎಲ್ಲ ತಿಪ್ಪೆಯೂ ನಡೆಯುವುದಿಲ್ಲ. ಮೇಲೆ ಬಿಸಿಲಿಗೆ ಕಾದ ಒಣ ತಿಪ್ಪೆಯ ಬಿಸಿ ಸೂರ್ಯನದು, ಸೂಕ್ಷ್ಮಾಣುವಿನದಲ್ಲ. ಸಗಣಿ, ರವದಿ, ಹೊಟ್ಟು ಸೇರಿ ಹಸಿಯಾಗಿರುವ, ಹೊಸದಾಗಿ ತಿರುವಿ ಹಾಕಿದ ಗೊಬ್ಬರದ ಗುಡ್ಡೆ ಹುಡುಕಿ. ಬೆಳಿಗ್ಗೆ ಬೇಗ ಹೋಗಿ. ಹೊರಗಿನ ಗಾಳಿ ತಣ್ಣಗಿದ್ದಾಗ ಗುಡ್ಡೆಯ ನೆತ್ತಿಯಿಂದ ಆವಿ ಏಳುತ್ತಿದ್ದರೆ ಅದೇ ಸರಿಯಾದ ಜಾಗ.

ಒಂದೂವರೆ ಅಡಿ ಆಳಕ್ಕೆ ಉದ್ದನೆಯ ಥರ್ಮಾಮೀಟರ್ ಇಳಿಸಿ. 55ರಿಂದ 65 ಡಿಗ್ರಿ ತೋರಿಸಬೇಕು. ಸಲಿಕೆಯಿಂದ ಪಕ್ಕಕ್ಕೆ ಸೀಳಿದರೆ ಕಪ್ಪು-ಕಂದು ಗೊಬ್ಬರದ ನಡುವೆ ಬೂದಿ ಉದುರಿಸಿದ ಹಾಗೆ ನಸು ಬಿಳಿ ಪದರ ಕಾಣುತ್ತದೆ. ಹುಲ್ಲಿನ ಎಳೆಗಳ ಮೈಗೆ ಹತ್ತಿಕೊಂಡ ಈ ಪುಡಿ ನಿಜಕ್ಕೂ ಬೂದಿಯಲ್ಲ. ಆಕ್ಟಿನೋಮೈಸಿಟ್ಸ್ ಎಂಬ, ನೂಲಿನಂತೆ ಬೆಳೆಯುವ ಬ್ಯಾಕ್ಟೀರಿಯಾಗಳ ಗುಂಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಅಲ್ಲಿಂದ ಒಂದಷ್ಟು, ಅದರ ಕೆಳಗಿನ ತೇವದ ಪದರದಿಂದ ಒಂದಷ್ಟು, ಬೇರೆ ಬೇರೆ ಶುದ್ಧ ಬಾಟಲಿಗೆ ತುಂಬಿಕೊಳ್ಳಿ. ಜಾಗ, ಆಳ, ಬಿಸಿ, ಏನೇನು ಹಾಕಿದ ಗೊಬ್ಬರ ಎಂಬುದನ್ನು ಅಲ್ಲೇ ನಿಂತು ಬರೆದುಕೊಳ್ಳಿ. ಮಾದರಿಯನ್ನು ಐಸ್‌ನಲ್ಲಿ ಇಡಬೇಡಿ, ಅದೇ ದಿನ ಪ್ರಯೋಗಾಲಯ ಸೇರಿಸಿ.

ಮುಖಕ್ಕೆ ಎನ್-95 ಮಾಸ್ಕ್ ಇರಲೇಬೇಕು. ಬಿಸಿ ಗೊಬ್ಬರದಲ್ಲಿ ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಬೂಷ್ಟಿನ ಬೀಜಕಣಗಳು ಸಾಮಾನ್ಯ, ಅವು ಪುಪ್ಪುಸಕ್ಕೆ ಕೇಡು. ಅಸ್ತಮಾ ಇರುವವರು ಈ ಹಂತವನ್ನು ಜೊತೆಗಾರರಿಗೆ ಬಿಡಿ.

ಹಂತ 3: ಬೇಕಾದ ಸೂಕ್ಷ್ಮಾಣುವನ್ನು ಬೇರ್ಪಡಿಸುವುದು

ಮಾದರಿಯನ್ನು ಶುದ್ಧ ಲವಣಜಲದಲ್ಲಿ ಕದಡಿ, ಹತ್ತರ ಪಟ್ಟಿನಲ್ಲಿ ತೆಳುಗೊಳಿಸುತ್ತಾ ಹೋಗಿ, ಅಗಾರ್ (ಲೋಳೆಯಂತೆ ಹೆಪ್ಪುಗಟ್ಟುವ ಪದಾರ್ಥ) ತಟ್ಟೆಯ ಮೇಲೆ ಹರಡಿ. ಮಾಧ್ಯಮದಲ್ಲಿ ಲವಣಗಳು, ಶೇ 1ರ ಕಾರ್ಬಾಕ್ಸಿ ಮೀಥೈಲ್ ಸೆಲ್ಯುಲೋಸ್, ಶೇ 0.1 ಯೀಸ್ಟ್ ಸತ್ವ, ಶೇ 2 ಅಗಾರ್ ಇದ್ದರೆ ಸಾಕು. ಕಾರ್ಬಾಕ್ಸಿ ಮೀಥೈಲ್ ಸೆಲ್ಯುಲೋಸ್ ಎಂದರೆ ನೀರಿನಲ್ಲಿ ಕರಗುವಂತೆ ಮಾರ್ಪಡಿಸಿದ ಸೆಲ್ಯುಲೋಸ್, ಪ್ರಯೋಗಾಲಯದ ಮಾತಿನಲ್ಲಿ ಸಿಎಂಸಿ. ಬೇಗ ಬೆಳೆಯಲೆಂದು ಗ್ಲುಕೋಸ್ ಸೇರಿಸಬೇಡಿ. ಸಿದ್ಧ ಸಕ್ಕರೆ ಸಿಕ್ಕರೆ ಬ್ಯಾಕ್ಟೀರಿಯಾ ಸೆಲ್ಯುಲೇಸ್ ತಯಾರಿಸುವುದನ್ನೇ ನಿಲ್ಲಿಸುತ್ತದೆ.

ತಟ್ಟೆಗಳನ್ನು 55 ಡಿಗ್ರಿಯಲ್ಲಿ ಇಡಿ. 37ರಲ್ಲಿ ಬೆಳೆಸಿ ಆಮೇಲೆ ಬಿಸಿ ತಾಳುವುದನ್ನು ಹುಡುಕುತ್ತೇನೆ ಎಂದರೆ ಬೇಡದ್ದೇ ತಟ್ಟೆ ತುಂಬುತ್ತದೆ. 55ರಲ್ಲಿ ಎದುರಾಗುವ ದೊಡ್ಡ ತೊಂದರೆ ತಟ್ಟೆ ಒಣಗುವುದು. ಎಂದಿನಂತೆ 15–20 ಮಿ.ಲೀ ಸುರಿದರೆ ಎರಡು ದಿನಕ್ಕೆ ಅಗಾರ್ ಹಪ್ಪಳವಾಗುತ್ತದೆ. 30 ಮಿ.ಲೀ ಸುರಿಯಿರಿ, ತಟ್ಟೆ ತಿರುವಿ ಹಾಕಿ ಜಿಪ್ ಚೀಲದಲ್ಲಿಡಿ, ಇನ್‌ಕ್ಯುಬೇಟರ್ ತಳದಲ್ಲಿ ಒಂದು ಬಟ್ಟಲು ನೀರಿಡಿ.

ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಗಳು, ಬಂದ ಮೇಲೆ ಶೇ 0.1 ಕಾಂಗೋ ರೆಡ್ ಬಣ್ಣ ಸುರಿದು 15 ನಿಮಿಷ ಬಿಟ್ಟು, 1 ಮೋಲಾರ್ ಉಪ್ಪುನೀರಿನಿಂದ ತೊಳೆಯಿರಿ. ಸೆಲ್ಯುಲೋಸ್ ಕಡಿದಿರುವ ಕಡೆ ಕೆಂಪು ತಟ್ಟೆಯ ಮೇಲೆ ಹಳದಿ ವಲಯ ಕಾಣುತ್ತದೆ. ಬಣ್ಣ ಸುರಿಯುವ ಮೊದಲು ಪ್ರತಿ ಕಾಲೊನಿಯ ನಕಲನ್ನು ಬೇರೆ ತಟ್ಟೆಗೆ ತೆಗೆದಿಟ್ಟುಕೊಳ್ಳಿ. ಕಾಂಗೋ ರೆಡ್ ಕ್ಯಾನ್ಸರ್ ತರುವ ಶಂಕೆ ಇರುವ ಬಣ್ಣ, ಬರಿಗೈಯಲ್ಲಿ ಮುಟ್ಟಬೇಡಿ.

ಹಳದಿ ವಲಯ ದೊಡ್ಡದಾಗಿದೆ ಎಂದು ಅದನ್ನೇ ಗೆದ್ದ ಕುದುರೆ ಮಾಡಬೇಡಿ. ಸಿಎಂಸಿಯನ್ನು ಕಡಿಯಲು ಎಂಡೋಗ್ಲುಕನೇಸ್ ಒಂದೇ ಸಾಕು. ನಿಮ್ಮ ದಿಂಡಿನ ಗಟ್ಟಿ ಸೆಲ್ಯುಲೋಸ್ ಹಾಗಲ್ಲ.

ಹಂತ 4: ಕಿಣ್ವ ತಯಾರಿ

ಆರಿಸಿದ ಐದಾರು ತಳಿಗಳನ್ನು ದ್ರವ ಮಾಧ್ಯಮದಲ್ಲಿ ಬೆಳೆಸಿ. ಇಂಗಾಲದ ಮೂಲವಾಗಿ ಹಂತ 1ರ ದಿಂಡಿನ ಪುಡಿಯನ್ನೇ ಶೇ 1 ಹಾಕಿ. 55 ಡಿಗ್ರಿ, ನಿಮಿಷಕ್ಕೆ 150 ಸುತ್ತು, ಎರಡರಿಂದ ನಾಲ್ಕು ದಿನ. ಶುರುವಿನಲ್ಲಿ ಫ್ಲಾಸ್ಕ್ ತೂಗಿ, ಆವಿಯಾದಷ್ಟು ಶುದ್ಧ ನೀರನ್ನು ದಿನವೂ ಸೇರಿಸುತ್ತಿರಿ. ಇಲ್ಲವಾದರೆ ದ್ರವ ಬತ್ತಿ, ಕಿಣ್ವ ಹೆಚ್ಚಾದಂತೆ ಸುಳ್ಳು ಲೆಕ್ಕ ಬರುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು 0.22 ಮೈಕ್ರಾನ್ ಸೋಸುಕದಲ್ಲಿ ಹಾಯಿಸಿ. ಇದು ನಿಮ್ಮ ಕಚ್ಚಾ ಕಿಣ್ವ. ಸೋಸದೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಬೀಜಕಣಗಳು ಮುಂದೆ ಎದ್ದು ನೀವು ಬಿಡಿಸಿದ ಸಕ್ಕರೆಯನ್ನು ತಾವೇ ತಿನ್ನುತ್ತವೆ.

ಹಂತ 5: ಸಾಮರ್ಥ್ಯದ ಅಳತೆ

ಎರಡು ಅಳತೆ ಬೇಕು. ಒಂದು ಸಿಎಂಸಿಯ ಮೇಲೆ, ಇನ್ನೊಂದು ಸೋಸು ಕಾಗದದ ಮೇಲೆ. ಎರಡನೆಯದರ ಪ್ರಮಾಣಿತ ವಿಧಾನವನ್ನು 1987ರಲ್ಲಿ ದೆಹಲಿ ಐಐಟಿಯ ಟಿ.ಕೆ. ಘೋಷ್ ಪ್ರಕಟಿಸಿದರು, ಜಗತ್ತೆಲ್ಲ ಇಂದಿಗೂ ಅದನ್ನೇ ಬಳಸುತ್ತದೆ. ವಾಟ್‌ಮನ್ 1 ಕಾಗದದ 1×6 ಸೆಂ.ಮೀ ಪಟ್ಟಿ, ಅಂದರೆ 50 ಮಿ.ಗ್ರಾಂ. ಅದಕ್ಕೆ 1 ಮಿ.ಲೀ ಬಫರ್, ಅರ್ಧ ಮಿ.ಲೀ ಕಿಣ್ವ, 60 ನಿಮಿಷ. ಬಫರ್ ಎಂದರೆ ಪಿಎಚ್ ಅಲುಗಾಡದಂತೆ ಹಿಡಿಯುವ ದ್ರಾವಣ. ಆಮೇಲೆ ಸಕ್ಕರೆ ಪತ್ತೆಹಚ್ಚುವ ಡಿಎನ್‌ಎಸ್ ಎಂಬ ರಾಸಾಯನಿಕದ ದ್ರಾವಣ 3 ಮಿ.ಲೀ ಹಾಕಿ ಸರಿಯಾಗಿ 5 ನಿಮಿಷ ಕುದಿಸಿ, ನೀರು ಸೇರಿಸಿ, 540 ನ್ಯಾನೋಮೀಟರ್‌ನಲ್ಲಿ ಓದಿ. ಡಿಎನ್‌ಎಸ್ ಸಕ್ಕರೆಯ ಜೊತೆ ಕುದಿದಾಗ ಹಳದಿಯಿಂದ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ.

ಘೋಷ್ ಅವರ ವಿಧಾನ 50 ಡಿಗ್ರಿಗೆ ಬರೆದದ್ದು. ನೀವು 60ರಲ್ಲಿ ಮಾಡಿದರೆ ಹಾಗೆಂದೇ ಬರೆಯಿರಿ. ಇನ್ನೊಂದು ಮಾತು: ಫಿಲ್ಟರ್ ಪೇಪರ್ ಯೂನಿಟ್ ಎಂದು ಬರೆಯಬೇಕಾದರೆ ಆ ಒಂದು ತಾಸಿನಲ್ಲಿ 2 ಮಿ.ಗ್ರಾಂ ಗ್ಲುಕೋಸ್ ಬಿಡುಗಡೆಯಾಗಲೇಬೇಕು. ತಿಪ್ಪೆಯ ಬ್ಯಾಕ್ಟೀರಿಯಾದ ಕಚ್ಚಾ ಕಿಣ್ವ ಅಲ್ಲಿಗೆ ಮುಟ್ಟುವುದು ಅಪರೂಪ. ಮುಟ್ಟದಿದ್ದರೆ ಆ ಹೆಸರು ಬಳಸದೆ, ಇಷ್ಟು ಮಿ.ಗ್ರಾಂ ಸಕ್ಕರೆ ಬಂತು ಎಂದಷ್ಟೇ ಬರೆಯಿರಿ. ಸಣ್ಣ ಸಂಖ್ಯೆ ಬರೆಯಲು ನಾಚಿಕೆ ಬೇಡ.

ಹಂತ 6: ಶಾಖ ತಾಳುವ ಪರೀಕ್ಷೆ

ಪ್ರಾಜೆಕ್ಟಿನ ಜೀವ ಇರುವುದು ಇಲ್ಲೇ. ಸಾಮಾನ್ಯವಾಗಿ ಏನು ಮಾಡುತ್ತಾರೆಂದರೆ, 40ರಿಂದ 80 ಡಿಗ್ರಿ ತನಕ ಬೇರೆ ಬೇರೆ ಬಿಸಿಯಲ್ಲಿ 10 ನಿಮಿಷದ ಪರೀಕ್ಷೆ ನಡೆಸುತ್ತಾರೆ. 70ರಲ್ಲಿ ಅಂಕಿ ಹೆಚ್ಚು ಬಂದರೆ “70 ಡಿಗ್ರಿ ತಾಳುವ ಕಿಣ್ವ” ಎಂದು ತಲೆಬರಹ ಕೊಡುತ್ತಾರೆ. ಹತ್ತು ನಿಮಿಷದಲ್ಲಿ ಜೋರಾಗಿ ಓಡಿ ಇಪ್ಪತ್ತನೇ ನಿಮಿಷಕ್ಕೆ ಕಿಣ್ವ ಸತ್ತಿದ್ದರೂ ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ. ದಿಂಡು ಕರಗಲು ಬೇಕಾದದ್ದು 24ರಿಂದ 72 ತಾಸು.

ಸರಿಯಾದ ಕ್ರಮ ಹೀಗಿದೆ. ಕಿಣ್ವವನ್ನು ಬಫರಿನಲ್ಲಿ ಬೆರೆಸಿ ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ, ಬಿಗಿಯಾಗಿ ಮುಚ್ಚಿ. ಸೆಲ್ಯುಲೋಸ್ ಹಾಕಬೇಡಿ. 50, 60, 70 ಡಿಗ್ರಿಯ ವಾಟರ್ ಬಾತ್‌ಗಳಲ್ಲಿ ಇಡಿ. ಶುರುವಿನಲ್ಲಿ, ಅರ್ಧ ತಾಸಿಗೆ, 1, 2, 4, 8, 24 ತಾಸಿಗೆ ಒಂದೊಂದು ಕೊಳವೆ ತೆಗೆದು ಐಸಿನಲ್ಲಿ ತಣಿಸಿ. ಎಲ್ಲವನ್ನೂ ಕೊನೆಗೆ ಒಂದೇ ಬಿಸಿಯಲ್ಲಿ, ಒಂದೇ ವಿಧಾನದಲ್ಲಿ ಅಳೆಯಿರಿ. ಶುರುವಿನ ಅಳತೆಯನ್ನು 100 ಎಂದಿಟ್ಟುಕೊಂಡು ಉಳಿದದ್ದೆಷ್ಟು ಎಂದು ಬರೆಯಿರಿ. ಉಳಿದ ಶೇಕಡಾದ ನ್ಯಾಚುರಲ್ ಲಾಗರಿದಮ್ ಅನ್ನು ಕಾಲದ ಎದುರು ಗುರುತಿಸಿದರೆ ಹೆಚ್ಚಾಗಿ ನೇರ ಗೆರೆ ಬರುತ್ತದೆ. 0.693 ಅನ್ನು ಆ ಗೆರೆಯ ಇಳಿಜಾರಿನಿಂದ ಭಾಗಿಸಿದರೆ ಅರ್ಧಾಯುಷ್ಯ ಸಿಗುತ್ತದೆ, ಅಂದರೆ ಕಿಣ್ವದ ಶಕ್ತಿ ಅರ್ಧಕ್ಕಿಳಿಯಲು ಹಿಡಿಯುವ ಕಾಲ. 70 ಡಿಗ್ರಿಯಲ್ಲಿ 20 ನಿಮಿಷ ಬಾಳುವ ಕಿಣ್ವಕ್ಕಿಂತ 60ರಲ್ಲಿ 30 ತಾಸು ಬಾಳುವ ಕಿಣ್ವ ಎಷ್ಟೋ ಮೇಲು.

ಇಲ್ಲಿ ಎಡವುವ ಜಾಗಗಳು ಹಲವು. ಟ್ರಿಸ್ ಬಫರಿನ ಪಿಎಚ್ ಬಿಸಿಯಾದಂತೆ ಇಳಿಯುತ್ತದೆ, ಡಿಗ್ರಿಗೆ ಸುಮಾರು 0.03. ಕೋಣೆಯ ಬಿಸಿಯಲ್ಲಿ 8ಕ್ಕೆ ಹೊಂದಿಸಿದ್ದು 60ರಲ್ಲಿ 7ಕ್ಕೆ ಬಂದಿರುತ್ತದೆ. ಕಿಣ್ವ ಸತ್ತದ್ದು ಬಿಸಿಯಿಂದಲೋ ಪಿಎಚ್‌ನಿಂದಲೋ ತಿಳಿಯದೆ ಹೋಗುತ್ತದೆ. ಬಳಸುವ ಬಿಸಿಯಲ್ಲೇ ಪಿಎಚ್ ಹೊಂದಿಸಿ. ಕೆಲವು ಕಿಣ್ವಗಳಿಗೆ ಕ್ಯಾಲ್ಸಿಯಂ ಬಲ ಕೊಡುತ್ತದೆ, 2ರಿಂದ 5 ಮಿಲಿಮೋಲಾರ್ ಸೇರಿಸಿ ನೋಡುವುದು ಒಳ್ಳೆಯದೇ. ಆದರೆ ಫಾಸ್ಫೇಟ್ ಬಫರಿನಲ್ಲಿ ಕ್ಯಾಲ್ಸಿಯಂ ಗರಣೆ ಕಟ್ಟುತ್ತದೆ, ಸಿಟ್ರೇಟ್ ಅದನ್ನು ಹಿಡಿದಿಟ್ಟುಕೊಂಡು ಕಿಣ್ವಕ್ಕೆ ಕೊಡುವುದಿಲ್ಲ. ಪಿಎಚ್ 5ರ ಸುಮಾರಿಗೆ ಅಸಿಟೇಟ್ ಬಳಸಿ.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವ ಮಾತು ಇದು. ಹೋಲಿಕೆಗಾಗಿ “ಸತ್ತ ಕಿಣ್ವ” ಬೇಕಾದಾಗ ಹತ್ತು ನಿಮಿಷ ಕುದಿಸಿ ಸಾಯಿಸುವುದು ವಾಡಿಕೆ. ನೀವು ಹುಡುಕಿದ್ದೇ ಶಾಖ ತಾಳುವ ಕಿಣ್ವ. ಕುದಿಸಿದರೂ ಅದು ಪೂರ್ತಿ ಸಾಯದೆ ಇರಬಹುದು. ಆಟೋಕ್ಲೇವ್ ಮಾಡಿ, ಆಮೇಲೂ ಒಮ್ಮೆ ಅಳೆದು, ಸತ್ತಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ಹಂತ 7: ದಿಂಡನ್ನು ಸಕ್ಕರೆ ಮಾಡುವುದು

2.5 ಗ್ರಾಂ ಸಿದ್ಧ ಪುಡಿ, ಬಫರ್ ಮತ್ತು ಕಿಣ್ವ ಸೇರಿ 50 ಮಿ.ಲೀ. ಹಂತ 6ರಲ್ಲಿ ಅರ್ಧಾಯುಷ್ಯ 24 ತಾಸಿಗೆ ಹತ್ತಿರ ಇದ್ದ ಬಿಸಿಯಲ್ಲಿ ಇಡಿ. 0, 6, 24, 48 ತಾಸಿಗೆ ಮಾದರಿ ತೆಗೆಯಿರಿ. ಜೊತೆಗೆ ಮೂರು ಹೋಲಿಕೆ ಫ್ಲಾಸ್ಕ್ ಇರಲಿ: ಬರೀ ಪುಡಿ, ಬರೀ ಕಿಣ್ವ, ಪುಡಿಗೆ ಸತ್ತ ಕಿಣ್ವ.

ಡಿಎನ್‌ಎಸ್ ತೋರಿಸುವುದು ಗ್ಲುಕೋಸ್ ಒಂದನ್ನೇ ಅಲ್ಲ, ಝೈಲೋಸ್ ಕೂಡ ಅದರಲ್ಲಿ ಸೇರಿರುತ್ತದೆ. ದಿಂಡಿನಲ್ಲಿ ಹೆಮಿಸೆಲ್ಯುಲೋಸ್ ಬಹಳ ಇರುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಗ್ಲುಕೋಸ್ ಮಾತ್ರ ಅಳೆಯಲು ರಕ್ತದ ಸಕ್ಕರೆ ನೋಡುವ ಜಿಒಡಿ-ಪಿಒಡಿ ಕಿಟ್ ಚೆನ್ನಾಗಿ ಒದಗುತ್ತದೆ. ರೋಗಪತ್ತೆ ಲ್ಯಾಬ್‌ಗಳಿಗೆ ಸಾಮಾನು ಪೂರೈಸುವ ಹುಬ್ಬಳ್ಳಿಯ ಅಂಗಡಿಗಳಲ್ಲಿ ವಿಚಾರಿಸಿ.

ಹಂತ 8: ಹುದುಗಿಸುವುದು, ಬಟ್ಟಿ ಇಳಿಸದೆ ಅಳೆಯುವುದು

ಸಕ್ಕರೆ ನೀರನ್ನು 30–32 ಡಿಗ್ರಿಗೆ ತಣಿಸಿ, ಪಿಎಚ್ 5ಕ್ಕೆ ತಂದು, ಯೀಸ್ಟ್ ಹಾಕಿ. ಬ್ರೆಡ್ ಯೀಸ್ಟ್ ಗ್ಲುಕೋಸನ್ನು ಇಥೆನಾಲ್ ಮಾಡುತ್ತದೆ, ಝೈಲೋಸನ್ನು ಮುಟ್ಟುವುದಿಲ್ಲ. ಕ್ಲುಯ್ವೆರೋಮೈಸಿಸ್ ಮಾರ್ಕ್ಸಿಯಾನಸ್ ಎಂಬ ಯೀಸ್ಟ್ ಸಿಕ್ಕರೆ 42 ಡಿಗ್ರಿ ಸುಮಾರಿನಲ್ಲೂ ಹುದುಗಿಸಬಹುದು.

ಬಟ್ಟಿ ಇಳಿಸಲು ಹೋಗಬೇಡಿ, ಅದರ ಅಗತ್ಯವೂ ಇಲ್ಲ. ಗಾಳಿ ಹೊರಗೆ ಬಿಟ್ಟು ಒಳಗೆ ಬಿಡದ ಬಿರಡೆ ಹಾಕಿದ ಫ್ಲಾಸ್ಕನ್ನು ಆಗಾಗ ತೂಗಿ. 180 ಗ್ರಾಂ ಗ್ಲುಕೋಸ್ ಹುದುಗಿದರೆ 92 ಗ್ರಾಂ ಇಥೆನಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಅನಿಲವಾಗಿ ಹೋದ ತೂಕವನ್ನು 1.045ರಿಂದ ಗುಣಿಸಿದರೆ ಇಥೆನಾಲ್ ತೂಕ ಸಿಕ್ಕಂತೆ. ಯೀಸ್ಟ್ ಇಲ್ಲದ ಒಂದು ಫ್ಲಾಸ್ಕ್ ಪಕ್ಕದಲ್ಲಿಟ್ಟು, ಆವಿಯಾದ ನೀರಿನ ತೂಕ ಕಳೆಯಿರಿ. ಹುದುಗಿದ ನೀರನ್ನು ಯಾರೂ ರುಚಿ ನೋಡಕೂಡದು.

ಎಷ್ಟು ನಿರೀಕ್ಷಿಸಬಹುದು? 10 ಗ್ರಾಂ ಸಿದ್ಧ ಪುಡಿಯಲ್ಲಿ ಸೆಲ್ಯುಲೋಸ್ ಶೇ 60 ಎಂದಿಟ್ಟುಕೊಂಡರೆ 6 ಗ್ರಾಂ. ಒಡೆಯುವಾಗ ನೀರು ಸೇರುವುದರಿಂದ 1.11ರಿಂದ ಗುಣಿಸಿ, 6.66 ಗ್ರಾಂ ಗ್ಲುಕೋಸ್. ಶೇ 70 ಒಡೆದರೆ 4.66 ಗ್ರಾಂ. ಅದನ್ನು 0.51ರಿಂದ ಗುಣಿಸಿದರೆ 2.4 ಗ್ರಾಂ, ಅಂದರೆ 3 ಮಿ.ಲೀ ಇಥೆನಾಲ್. ಇದು ಒಳ್ಳೆಯ ವಾಣಿಜ್ಯ ಕಿಣ್ವದ ಲೆಕ್ಕ. ನಿಮ್ಮ ಕಚ್ಚಾ ಕಿಣ್ವಕ್ಕೆ ಇದರ ಒಂದು ಪಾಲು ಬಂದರೂ ಪ್ರಾಜೆಕ್ಟ್ ಗೆದ್ದಂತೆಯೇ. ಲೆಕ್ಕಕ್ಕಿಂತ ಹೆಚ್ಚು ಬಂದರೆ ಮಾತ್ರ ಸಂತೋಷಪಡುವ ಮೊದಲು ಹೋಲಿಕೆ ಫ್ಲಾಸ್ಕ್‌ಗಳನ್ನು ಮತ್ತೆ ನೋಡಿ.

ಹಂತ 9: ತಳಿ ಉಳಿಸಿಕೊಳ್ಳುವುದು

ಪ್ರಾಜೆಕ್ಟ್ ಮುಗಿದ ಮೇಲೆ ತಳಿಯನ್ನು ಫ್ರಿಜ್ಜಿನ ಮೂಲೆಯಲ್ಲಿ ಬಿಟ್ಟು ಹೋಗುವುದು ಬಹಳ ಕಡೆ ನಡೆಯುತ್ತದೆ. ಬಿಸಿ ಪ್ರಿಯ ಬ್ಯಾಕ್ಟೀರಿಯಾಗಳಲ್ಲಿ ಕೆಲವು 4 ಡಿಗ್ರಿಯ ಚಳಿಗೆ ಬೇಗ ಸಾಯುತ್ತವೆ. ಶೇ 20 ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ನಾಲ್ಕೈದು ಕೊಳವೆ ಇಡಿ, ಸಿಗದಿದ್ದರೆ ಮೈನಸ್ 20ರಲ್ಲಿಟ್ಟು ತಿಂಗಳಿಗೊಮ್ಮೆ ಬೆಳೆಸಿ ನೋಡಿ. ಕೊಳವೆಯ ಮೇಲೆ ಊರು, ಗುಡ್ಡೆಯ ಬಿಸಿ, ತೆಗೆದ ದಿನಾಂಕ, ಅಳೆದ ಅರ್ಧಾಯುಷ್ಯ ಬರೆಯಿರಿ. ಮುಂದಿನ ವರ್ಷದ ವಿದ್ಯಾರ್ಥಿ ಮತ್ತೆ ಹಂತ 2ರಿಂದ ಶುರು ಮಾಡದೆ ಹಂತ 4ರಿಂದಲೇ ಮುಂದುವರಿಸಬಹುದು. ಪ್ರಶ್ನೆ ಕೇಳಿ ಬರೆಯುವವರು ಬಫರ್ ಯಾವುದು, ಪಿಎಚ್ ಎಷ್ಟು, ಯಾವ ಬಿಸಿಯಲ್ಲಿ ಎಷ್ಟು ತಾಸು, ಹೋಲಿಕೆ ಫ್ಲಾಸ್ಕಿನ ಅಂಕಿ ಎಷ್ಟು ಎಂಬುದನ್ನು ಜೊತೆಗೇ ಬರೆದರೆ ಉತ್ತರ ಬೇಗ ಕೊಡಬಹುದು.